ನೊರೆ ಕಾಫಿಯಂಥ ನಲ್ಲಿ ನೀರು

ನಲ್ಲಿಯ ತುದಿಗೆ ಏರೇಟರ್ ಹಾಕಿಸಿದರೆ ನೀರು ಉಳಿಯುತ್ತದಂತೆ. ಆದರೆ ಧಾರೆ ದಪ್ಪಗೇ ಕಾಣುತ್ತದಲ್ಲ, ಅದು ಹೇಗೆ?

ಕಾಫಿಯನ್ನು ಎತ್ತರದಿಂದ ಹೊಯ್ದರೆ ನೊರೆಯೆದ್ದು ಲೋಟ ತುಂಬಿದಂತೆ ಕಾಣುತ್ತದೆ; ಕಾಫಿ ಮಾತ್ರ ಮುಕ್ಕಾಲೇ. ಏರೇಟರಿನದೂ ಅದೇ ಕಣ್ಕಟ್ಟು. ಅದರೊಳಗಿನ ಬಿಲ್ಲೆಯ ಸಣ್ಣ ರಂಧ್ರಗಳಲ್ಲಿ ನೀರು ನುಗ್ಗುವಾಗ ವೇಗ ಹೆಚ್ಚಿ, ಒತ್ತಡ ತಗ್ಗಿ, ಪಕ್ಕದ ಸಂದುಗಳಿಂದ ಗಾಳಿ ಒಳಸೇರುತ್ತದೆ. ಕೆಳಗಿನ ಜಾಲರಿ ಎರಡನ್ನೂ ಬೆರೆಸಿ ಬೆಳ್ಳನೆಯ, ಮೆತ್ತನೆಯ ಧಾರೆಯಾಗಿ ಬಿಡುತ್ತದೆ. ನಿಮಿಷಕ್ಕೆ 10 ಲೀಟರ್ ಸುರಿಸುತ್ತಿದ್ದ ನಲ್ಲಿ 5ಕ್ಕೆ ಇಳಿಯಬಹುದು. 2024ರ ನೀರಿನ ಬರದಲ್ಲಿ ಬೆಂಗಳೂರು ಜಲಮಂಡಳಿ ಅಪಾರ್ಟ್‌ಮೆಂಟ್, ಹೋಟೆಲುಗಳಿಗೆ ಇದನ್ನು ಕಡ್ಡಾಯ ಮಾಡಿದ್ದು ಇದಕ್ಕೇ. ಲಾಭವೇನಿದ್ದರೂ ಕೈ, ಪಾತ್ರೆ ತೊಳೆಯುವಲ್ಲಿ. ಬಕೆಟ್ ತುಂಬಿಸುವ ನಲ್ಲಿಗೆ ಹಾಕಿದರೆ ಕಾಯುವುದಷ್ಟೇ ಹೆಚ್ಚು! ಬೋರ್‌ವೆಲ್ ನೀರಿನ ಸುಣ್ಣ ರಂಧ್ರ ಕಟ್ಟಿದರೆ, ಬಿಚ್ಚಿ ನಿಂಬೆರಸದಲ್ಲಿ ನೆನೆಸಿ.