ಶೆಡ್ಡಿನ ವೈರು ಯಾರೂ ನೋಡುವುದಿಲ್ಲ

ಕಾಪುವಿನ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಈಗ ಕಾರಿಗಿಂತ ಬೇರೆ ಸಾಮಾನುಗಳೇ ಹೆಚ್ಚು. ವಾಷಿಂಗ್ ಮೆಷಿನ್, ಬಾವಿಯ ಪಂಪಿನ ಸ್ವಿಚ್, ತೆಂಗಿನಕಾಯಿ ರಾಶಿ, ಹಳೆಯ ಫ್ರಿಜ್, ಇತ್ತೀಚೆಗೆ ತಮ್ಮನ ಎಲೆಕ್ಟ್ರಿಕ್ ಸ್ಕೂಟರ್. ಉಪ್ಪ ಗಲ್ಫ್‌ನಲ್ಲಿದ್ದಾಗ, 1980ರ ದಶಕದಲ್ಲಿ ಕಟ್ಟಿಸಿದ ಶೆಡ್ ಅದು. ಆಗ ಒಂದು ಬಲ್ಬು, ಒಂದು ಪ್ಲಗ್ಗು ಸಾಕಿತ್ತು. ಆಮೇಲೆ ಮನೆಯ ಒಳಗಿನ ವೈರಿಂಗ್ ಪೂರಾ ಹೊಸದಾಯಿತು. ಶೆಡ್ಡಿಗೆ ಮಾತ್ರ ಯಾರೂ ಕೈ ಹಾಕಲಿಲ್ಲ. ಅತಿಥಿಗಳು ಕೂರುವ ಜಾಗ ಅಲ್ಲವಲ್ಲ!

ಕಳೆದ ಮಳೆಗಾಲದಲ್ಲಿ ಮೆಷಿನ್‌ನಿಂದ ಬಟ್ಟೆ ತೆಗೆಯುವಾಗ ಉಮ್ಮ, “ಕೈ ಜುಂ ಅಂತದೆ” ಎಂದರು. ನಾವು ಹೇಳಿದ್ದೇನು ಗೊತ್ತುಂಟಾ? “ಮಳೆಗೆ ಹಾಗೇ ಉಮ್ಮ, ಚಪ್ಪಲಿ ಹಾಕ್ಕೊಳ್ಳಿ.” ಉಮ್ಮ ಒಂದು ತಿಂಗಳು ಚಪ್ಪಲಿ ಹಾಕಿಕೊಂಡೇ ಬಟ್ಟೆ ತೆಗೆದರು. ಈಗ ಅದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ವಿಷಯ ಹೊರಬಿದ್ದದ್ದು ಪಕ್ಕದ ಮನೆಯ ಕಾಕ ಬಂದಾಗ. ದುಬೈಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವರು. ತೆಂಗಿನಕಾಯಿಗೆಂದು ಬಂದವರು ಉಮ್ಮನ ಮಾತು ಕೇಳಿ ಜೇಬಿನಿಂದ ಟೆಸ್ಟರ್ ತೆಗೆದು ಮೆಷಿನ್‌ನ ಬಾಡಿಗೆ ಇಟ್ಟರು. ಹೊತ್ತಿಕೊಂಡಿತು. ಮೈನ್ ಆಫ್ ಮಾಡಿಸಿ ಪ್ಲಗ್ಗಿನ ಬೋರ್ಡ್ ಬಿಚ್ಚಿದರು. ಹೊರಗೆ ಮೂರು ತೂತು, ಒಳಗೆ ಎರಡೇ ವೈರು. ಮೇಲಿನ ದೊಡ್ಡ ತೂತಿನ ಹಿಂದೆ ಏನೂ ಇಲ್ಲ. “ಎಂತ ಮೋನೆ, ಅರ್ಥಿಂಗ್ ಎಲ್ಲಿ?” ಎಂದರು.

ನಾವು ಕಟೌಟ್ ತೋರಿಸಿದೆವು. ಏನಾದರೂ ಆದರೆ ಫ್ಯೂಸ್ ಹೋಗುತ್ತದಲ್ಲ ಎಂದು. ಹೆಚ್ಚಿನವರ ನಂಬಿಕೆ ಇದೇ. ಆದರೆ ಫ್ಯೂಸ್ ಇರುವುದು ವೈರು ಸುಡದಿರಲಿ ಎಂದು, ಮನುಷ್ಯ ಉಳಿಯಲಿ ಎಂದಲ್ಲ. 5 ಆಂಪಿಯರ್ ಎಂದರೆ 5,000 ಮಿಲಿಆಂಪಿಯರ್. ಅದಕ್ಕಿಂತ ಹೆಚ್ಚು ಹರಿದರೆ ಮಾತ್ರ ಫ್ಯೂಸ್ ಕರಗುವುದು. ಮನುಷ್ಯನ ಎದೆಯ ಮೂಲಕ ಹಾದುಹೋದರೆ ಜೀವಕ್ಕೆ ಅಪಾಯವಾಗಲು ಅದರ ನೂರನೇ ಒಂದು ಪಾಲೂ ಸಾಕು. ಮೈ ಹಿಡಿದುಕೊಂಡಿದ್ದರೂ ಫ್ಯೂಸಿಗೆ ಸುದ್ದಿಯೇ ಇಲ್ಲ. ನಮ್ಮ ಕಟೌಟ್‌ಗೆ ಯಾರೋ ದಪ್ಪ ತಾಮ್ರದ ತಂತಿ ಬೇರೆ ಕಟ್ಟಿದ್ದರು!

ಮನುಷ್ಯನಿಗಾಗಿಯೇ ಇರುವ ಸಾಮಾನು ಆರ್‌ಸಿಸಿಬಿ. ಊರಲ್ಲಿ ಈಗಲೂ ಇಎಲ್‌ಸಿಬಿ ಎನ್ನುತ್ತಾರೆ. ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸು ಬರುತ್ತದಾ ಎಂದು ಅದು ಲೆಕ್ಕ ನೋಡುತ್ತಾ ಇರುತ್ತದೆ. ಮನೆಗೆ ಹಾಕುವ 30 ಮಿಲಿಆಂಪಿಯರ್‌ನದ್ದಾದರೆ, ಅಷ್ಟು ಸೋರಿದ ಕೂಡಲೇ, ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಲೈನ್ ಕಟ್. ಅರ್ಥಿಂಗ್ ಸರಿ ಇದ್ದರೆ ಯಾರೂ ಮುಟ್ಟುವ ಮೊದಲೇ ಬೀಳುತ್ತದೆ. ಇಲ್ಲದಿದ್ದರೆ ಯಾರಾದರೂ ಮುಟ್ಟಿದ ಮೇಲೆ. ಅದಕ್ಕೇ ಎರಡೂ ಬೇಕು. ಓವರ್‌ಲೋಡ್ ಮಾತ್ರ ಅದರ ಕೆಲಸ ಅಲ್ಲ, ಅದಕ್ಕೆ ಎಂಸಿಬಿ ಬೇರೆ.

“ಅಲ್ಲಿ ಫ್ಲ್ಯಾಟ್ ಫ್ಲ್ಯಾಟಿಗೆ ನಾನೇ ಹಾಕಿ ಕೊಟ್ಟಿದ್ದೇನೆ. ಇಲ್ಲಿ ನನ್ನ ಶೆಡ್ಡಿಗೆ ಇಲ್ಲ” ಎಂದು ಕಾಕ ನಕ್ಕರು. ನಮಗೆ ನಗು ಬರಲಿಲ್ಲ.

ಲೈಸೆನ್ಸ್ ಇರುವ ಗುತ್ತಿಗೆದಾರರನ್ನು ಕರೆಸಿ ಬಿಚ್ಚಿಸಿದಾಗ ಕಂಡದ್ದು ಒಂದೆರಡಲ್ಲ. ಮರದ ಪಟ್ಟಿಗೆ ಗೆದ್ದಲು. ಸ್ವಿಚ್ ಬೋರ್ಡಿನೊಳಗೆ ಕಣಜದ ಮಣ್ಣಿನ ಗೂಡು. ಆ ಕಾಲದ ಅಲ್ಯೂಮಿನಿಯಂ ವೈರಿಗೆ ಹೊಸ ತಾಮ್ರದ ವೈರನ್ನು ತಿರುಚಿ ಟೇಪ್ ಸುತ್ತಿದ್ದರು. ಈ ಎರಡು ಲೋಹ ನೇರ ಸೇರಿ, ಮೇಲಿಂದ ಕಡಲ ಬದಿಯ ಉಪ್ಪು ಗಾಳಿ ಹೊಡೆದರೆ ಜಾಯಿಂಟು ತುಕ್ಕು ಹಿಡಿದು ಸಡಿಲವಾಗುತ್ತದೆ, ಬಿಸಿಯಾಗುತ್ತದೆ. ಟೇಪ್ ಬಿಚ್ಚಿದಾಗ ಒಳಗೆ ಕಪ್ಪಗೆ ಸುಟ್ಟಿತ್ತು. ತಮ್ಮನ ಸ್ಕೂಟರ್ ರಾತ್ರಿಯಿಡೀ ಚಾರ್ಜ್ ಆಗುತ್ತಿದ್ದದ್ದು ಅದೇ ಲೈನಿನಲ್ಲಿ.

ಹಳೆಯದಕ್ಕೆ ತೇಪೆ ಹಾಕುವ ಕೆಲಸ ಬಿಟ್ಟೆವು. ಮನೆಯ ಮೈನ್ ಬೋರ್ಡಿನಿಂದ ಶೆಡ್ಡಿಗೆ ಬೇರೆಯೇ ಲೈನ್, ಪಿವಿಸಿ ಪೈಪಿನೊಳಗೆ, ಹಸಿರು ಅರ್ಥ್ ವೈರು ಸಹಿತ. ಶೆಡ್ಡಿಗೆ ಅದರದ್ದೇ ಸಣ್ಣ ಬೋರ್ಡು, ಅದರದ್ದೇ ಆರ್‌ಸಿಸಿಬಿ. ಶೆಡ್ಡಿನಲ್ಲಿ ಏನಾದರೂ ಆದರೆ ಮನೆ ಕತ್ತಲಾಗುವುದು ಬೇಡ. ಲೈಟಿಗೆ 1.5 ಚದರ ಮಿಲಿಮೀಟರ್ ವೈರು, 10 ಆಂಪಿಯರ್ ಎಂಸಿಬಿ. ಮೆಷಿನ್, ಸ್ಕೂಟರ್ ಪ್ಲಗ್ಗಿಗೆ ಬೇರೆ ಬೇರೆಯಾಗಿ 2.5ರ ವೈರು, 16 ಆಂಪಿಯರ್. ವೈರು ಸಣ್ಣದಿಟ್ಟು ಎಂಸಿಬಿ ಮಾತ್ರ ದೊಡ್ಡದು ಹಾಕಿದರೆ ದಪ್ಪ ತಂತಿ ಕಟ್ಟಿದ ಕಟೌಟ್‌ನ ಕಥೆಯೇ. ಪ್ಲಗ್ಗುಗಳನ್ನು ಎದೆಯೆತ್ತರಕ್ಕೆ ಏರಿಸಿದೆವು, ಮಳೆ ನೀರು ಒಳಗೆ ಬರುತ್ತದೆ, ಪೆಟ್ರೋಲಿನ ಆವಿಯೂ ನೆಲದ ಬಳಿಯೇ ನಿಲ್ಲುತ್ತದೆ. ದುಬೈಯಿಂದ ಬಂದ ಚೌಕ ಪಿನ್ನಿನ ಇಸ್ತ್ರಿಪೆಟ್ಟಿಗೆಯನ್ನು ಅರ್ಥಿಂಗ್ ಇಲ್ಲದ ಅಡಾಪ್ಟರಿಗೆ ಚುಚ್ಚುತ್ತಿದ್ದೆವಲ್ಲ, ಅದರ ಪ್ಲಗ್ಗನ್ನೇ ಬದಲಾಯಿಸಿದ್ದಾಯಿತು.

ಅರ್ಥಿಂಗ್ ವಿಷಯದಲ್ಲಿ ಊರಿಂದ ಊರಿಗೆ ಲೆಕ್ಕ ಬೇರೆ. ನಮ್ಮ ಕಡಲ ಬದಿಯ ಮರಳಿನಲ್ಲಿ ತೇವ ಬೇಗ ಸಿಗುತ್ತದೆ, ಆದರೆ ಜಿಐ ಪೈಪು ಬೇಗ ತುಕ್ಕು ತಿನ್ನುತ್ತದೆ. ಕಾರ್ಕಳದ ನೆಂಟರ ಮನೆಯಲ್ಲಿ ಉಲ್ಟಾ. ಅಡಿಯಲ್ಲಿ ಮುರಕಲ್ಲು, ಸಣ್ಣ ರಾಡ್ ಹೊಡೆದು ಬಿಟ್ಟರೆ ಎಪ್ರಿಲ್-ಮೇಯಲ್ಲಿ ಕಲ್ಲು ಒಣಗಿ ಅರ್ಥಿಂಗ್ ಹೆಸರಿಗೆ ಮಾತ್ರ. ಅವರು ಆಳಕ್ಕೆ ಗುಂಡಿ ತೋಡಿ ಇದ್ದಿಲು-ಉಪ್ಪು ತುಂಬಿಸಿ, ಬೇಸಗೆಯಲ್ಲಿ ನೀರು ಹೊಯ್ಯುತ್ತಾರೆ. ಎಲ್ಲಿಯಾದರೂ ಸರಿ, ಮೀಟರ್ ಇಟ್ಟು ಅಳೆದು ತೋರಿಸಿ ಎನ್ನಿ. ವೈರಿನ ಇನ್ಸುಲೇಶನ್ ಮೆಗ್ಗರ್‌ನಲ್ಲಿ ನೋಡಿಸಿ, ಒಂದು ಮೆಗಾಓಮ್‌ಗಿಂತ ಕೆಳಗಿದ್ದರೆ ಬಿಡಬೇಡಿ. ಅದನ್ನು ಜನವರಿಯ ಬಿಸಿಲಲ್ಲಲ್ಲ, ಜುಲೈಯಲ್ಲಿ ಮಾಡಿಸಿದರೆ ನಿಜ ಗೊತ್ತಾಗುತ್ತದೆ.

ಇನ್ನೊಂದು ತೊಂದರೆಯನ್ನು ಮಣಿಪಾಲದಲ್ಲಿ ತಂಗಿಯ ಬಾಡಿಗೆ ಮನೆಯಲ್ಲಿ ಕಂಡೆವು. ಆರ್‌ಸಿಸಿಬಿ ಇತ್ತು, ಆದರೆ ಪದೇ ಪದೇ ಬೀಳುತ್ತದೆ ಎಂದು ಯಾರೋ ಬೈಪಾಸ್ ಮಾಡಿ ಹೋಗಿದ್ದರು. ಹುಡುಕಿದರೆ ಇನ್ವರ್ಟರಿನ ನ್ಯೂಟ್ರಲ್ಲೂ ಮನೆಯ ನ್ಯೂಟ್ರಲ್ಲೂ ಒಂದರೊಳಗೊಂದು ಸೇರಿಕೊಂಡಿತ್ತು. ಅರ್ಧ ದಿನದ ಕೆಲಸ. ನಮ್ಮಲ್ಲೂ ಜೂನ್‌ನಲ್ಲಿ ಮೂರು ಸಲ ಬಿತ್ತು. ಬೈದುಕೊಂಡೇ ಹುಡುಕಿದೆವು, ಪಂಪಿನ ಕೇಬಲ್ ಒಂದು ಕಡೆ ಸಿಪ್ಪೆ ಎದ್ದಿತ್ತು. ಬಿದ್ದದ್ದು ಒಳ್ಳೆಯದಾಯಿತು.

ಉಡುಪಿ ಕಡೆ ಎಲೆಕ್ಟ್ರಿಕ್ ಕಾರು ತೆಗೆದುಕೊಳ್ಳುವವರಿಗೆ ಒಂದು ಮಾತು: ಕಾರು ಬರುವ ಮೊದಲು ಮೆಸ್ಕಾಂನಲ್ಲಿ ನಿಮ್ಮ ಮಂಜೂರಾದ ಲೋಡ್ ಎಷ್ಟೆಂದು ಕೇಳಿ, ಬೇಕಾದರೆ ಏರಿಸಿಕೊಳ್ಳಿ. 15 ಆಂಪಿಯರ್ ಪ್ಲಗ್ಗಿನ ಚಾರ್ಜರೇ 3 ಕಿಲೋವ್ಯಾಟ್ ಆಸುಪಾಸು ಎಳೆಯುತ್ತದೆ, ಅದೂ ಗಂಟೆಗಟ್ಟಲೆ. ಯಾರಿಗಾದರೂ ಶಾಕ್ ಹೊಡೆದು ಹಿಡಿದುಕೊಂಡಿದ್ದರೆ ಅವರನ್ನು ಮುಟ್ಟಬೇಡಿ, ಮೊದಲು ಮೈನ್ ಆಫ್ ಮಾಡಿ. ರಸ್ತೆಯಲ್ಲಿ ತಂತಿ ಬಿದ್ದಿದ್ದರೆ ಮೆಸ್ಕಾಂ ಸಹಾಯವಾಣಿ 1912.

ಆರ್‌ಸಿಸಿಬಿಯಲ್ಲಿ ಟೆಸ್ಟ್ ಎಂದು ಒಂದು ಗುಂಡಿ ಉಂಟು. ತಿಂಗಳಿಗೊಮ್ಮೆ ಒತ್ತಿ ನೋಡಬೇಕು, ಕೂಡಲೇ ಬೀಳಬೇಕು. ನಮ್ಮಲ್ಲಿ ಆ ಕೆಲಸ ಉಮ್ಮನದ್ದು. ಕಾಕನ ಶೆಡ್ಡಿನ ಕೆಲಸ ಬರುವ ಶನಿವಾರ ಶುರುವಂತೆ, ಅವರ ಹೆಂಡತಿ ಗಡುವು ಕೊಟ್ಟಿದ್ದಾರೆ.