ಕಲ್ಲುಗಣಿ ರಸ್ತೆಗಳ ಧೂಳಿನಿಂದ ಬೆಳೆ, ಮೇವು ಹಾಗೂ ವನ್ಯಜೀವಿಗಳಿಗಾಗುವ ಹಾನಿ: ಅರ್ಜಿದಾರರಿಗೆ ಮಾಹಿತಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳಲ್ಲಿ ಕಲ್ಲುಗಣಿ ಹಾಗೂ ಜಲ್ಲಿ ಕ್ರಷರ್‌ಗಳ ಲಾರಿಗಳಿಂದ ಏಳುವ ಧೂಳಿನ ಬಗ್ಗೆ ಅರ್ಜಿ ಸಲ್ಲಿಸಲಿಚ್ಛಿಸುವ ಸಾರ್ವಜನಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಗಣಿಯ ಧೂಳೆಂದರೆ ಸ್ಫೋಟ ಹಾಗೂ ಕ್ರಷರ್‌ನ ಧೂಳು ಮಾತ್ರವೆಂಬ ಭಾವನೆ ಸಾಮಾನ್ಯವಾಗಿದೆ. ಡಾಂಬರಿಲ್ಲದ ರಸ್ತೆಯಲ್ಲಿ ಭಾರದ ಲಾರಿಗಳ ಚಕ್ರಗಳು ಮಣ್ಣನ್ನು ಅರೆದು ಎಬ್ಬಿಸುವ ಧೂಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದು ಎಲೆಯ ಮೇಲೆ ಪದರವಾಗಿ ಕುಳಿತಾಗ ಬಿಸಿಲನ್ನು ತಡೆದು, ಪತ್ರರಂಧ್ರಗಳನ್ನು ಮುಚ್ಚುವುದರಿಂದ ಸಸ್ಯದ ಆಹಾರ ತಯಾರಿಕೆ ಕುಂಠಿತವಾಗುತ್ತದೆ. ಮೆಕ್ಕೆಜೋಳದ ತೆನೆಯ ಎಳೆಗಳ ಮೇಲೆ ಧೂಳು ಕುಳಿತರೆ ಪರಾಗ ಅಂಟಲು ಅಡ್ಡಿಯಾಗಿ ಕಾಳು ಕಟ್ಟುವುದು ಕಡಿಮೆಯಾಗಬಹುದು. ಅಡಿಕೆ ತೋಟಗಳಲ್ಲಿ ನುಸಿಯ ಬಾಧೆ ಮೊದಲೇ ಬೇಸಿಗೆಯದು. ಧೂಳು ಹಿಡಿದ ಗರಿಗಳಲ್ಲಿ ನುಸಿಯನ್ನು ತಿನ್ನುವ ಉಪಕಾರಿ ಕೀಟಗಳ ಓಡಾಟಕ್ಕೆ ತೊಡಕಾಗುವುದರಿಂದ ಅದು ಇನ್ನಷ್ಟು ಹೆಚ್ಚಬಹುದು. ಧೂಳು ಮೆತ್ತಿದ ಮೇವನ್ನು ತಿನ್ನುವ ದನಕರುಗಳ ಹಲ್ಲು ಬೇಗನೆ ಸವೆಯುತ್ತದೆ.

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿ ವನ್ಯಜೀವಿಧಾಮವು 2011ರಲ್ಲಿ ಘೋಷಿತವಾಗಿದ್ದು, ವಿಸ್ತೀರ್ಣ ಸುಮಾರು 77 ಚದರ ಕಿ.ಮೀ. ಕೊಂಡುಕುರಿಯು ತನ್ನ ನೆಲೆಯನ್ನು ಬಿಟ್ಟು ದೂರ ಹೋಗದ, ನೀರಿನ ಆಸರೆಯನ್ನು ಬಯಸುವ ಪ್ರಾಣಿ. ಅದರ ನೆಲೆಯ ಸೊಪ್ಪು, ಹುಲ್ಲು ಹಾಳಾದರೆ ದನಕರುಗಳಂತೆ ಅದಕ್ಕೆ ಬೇರೆಡೆಯಿಂದ ಮೇವು ತಂದು ಹಾಕುವವರಿಲ್ಲ.

ದೂರದ ಪ್ರಕರಣವೊಂದನ್ನು ಇಲ್ಲಿ ನೆನೆಯಬಹುದು. ಅಮೆರಿಕದ ಅಲಾಸ್ಕಾದ ಉತ್ತರ ಧ್ರುವ ವಲಯದಲ್ಲಿರುವ ರೆಡ್ ಡಾಗ್ ಸತು-ಸೀಸದ ಗಣಿಯಿಂದ ಸಮುದ್ರ ಬಂದರಿಗೆ ಸುಮಾರು 84 ಕಿ.ಮೀ. ರಸ್ತೆಯಿದೆ. 2001ರಲ್ಲಿ ಅಲ್ಲಿನ ರಾಷ್ಟ್ರೀಯ ಉದ್ಯಾನ ಇಲಾಖೆಯು ಪ್ರಕಟಿಸಿದ ಅಧ್ಯಯನದಂತೆ ರಸ್ತೆಬದಿಯ ಹಾವಸೆಯಲ್ಲಿ ಸೀಸ, ಕ್ಯಾಡ್ಮಿಯಂ ಕಂಡುಬಂದವು. ರಸ್ತೆಗೆ ಹತ್ತಿರವಾದಷ್ಟೂ ಪ್ರಮಾಣ ಅಧಿಕವಾಗಿತ್ತು. ಆನಂತರ ಟಾರ್ಪಾಲು ಹೊದಿಸುತ್ತಿದ್ದ ಲಾರಿಗಳ ಬದಲಿಗೆ ಭದ್ರ ಉಕ್ಕಿನ ಮುಚ್ಚಳದ ಲಾರಿಗಳು ಬಂದವು. ನಮ್ಮ ಜಲ್ಲಿಯ ಧೂಳು ಸೀಸದ ಅದಿರಿನ ಧೂಳಲ್ಲ. ಅರ್ಜಿಯಲ್ಲಿ ಹಾಗೆ ಬರೆದರೆ ಪ್ರಕರಣವೇ ದುರ್ಬಲವಾಗುತ್ತದೆ. ರಸ್ತೆಯಿಂದಿರುವ ದೂರವನ್ನು ಅಳೆದು ದಾಖಲಿಸುವ ಅವರ ಕ್ರಮವನ್ನು ಮಾತ್ರ ಅನುಸರಿಸಬಹುದು.

ಒಂದು ಹದ ಮಳೆ ಬಿದ್ದರೆ ಎಲೆಯ ಧೂಳು ತೊಳೆದುಹೋಗಿ, ಸ್ಥಳ ಪರಿಶೀಲನೆಗೆ ಬಂದವರಿಗೆ ಹಸಿರು ಎಲೆಗಳಷ್ಟೇ ಕಾಣುತ್ತವೆ. ಆದ್ದರಿಂದ ಮಳೆಗಾಲಕ್ಕೆ ಮುನ್ನವೇ ಅರ್ಜಿ ಸಲ್ಲಿಸುವುದು ಸೂಕ್ತ. ಸರ್ವೆ ನಂಬರ್, ರಸ್ತೆಯಿಂದ ಜಮೀನಿಗಿರುವ ದೂರ, ಬೆಳೆ, ಲಾರಿಗಳು ಸಂಚರಿಸುವ ವೇಳೆ ಇವುಗಳನ್ನು ನಮೂದಿಸಿ, ರಸ್ತೆ ಪಕ್ಕದ ಸಾಲು ಹಾಗೂ ಒಳಗಿನ ಸಾಲು ಎರಡರ ದಿನಾಂಕಸಹಿತ ಛಾಯಾಚಿತ್ರಗಳನ್ನು ಲಗತ್ತಿಸಬೇಕು. ವಾಯುಮಾಲಿನ್ಯದ ವಿಷಯವು 1981ರ ಅಧಿನಿಯಮದಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಸಂಬಂಧಿಸಿದ್ದು, ಗಣಿ ಗುತ್ತಿಗೆಯ ವಿಷಯವು ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಸೇರಿದೆ. ವನ್ಯಜೀವಿಧಾಮದ ಆಸುಪಾಸಿನದಾದರೆ ವಲಯ ಅರಣ್ಯಾಧಿಕಾರಿಗಳಿಗೂ ಪ್ರತಿ ನೀಡಬೇಕು.

ಘಟಕಕ್ಕೆ ಮಂಡಳಿಯು ನೀಡಿರುವ ಸಮ್ಮತಿಪತ್ರದ ಪ್ರತಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ರೂ. 10 ಶುಲ್ಕದೊಂದಿಗೆ ಕೋರಬಹುದು. ಉತ್ತರಕ್ಕೆ 30 ದಿನಗಳ ಕಾಲಾವಕಾಶವಿದೆ. ರಸ್ತೆಗೆ ನೀರು ಸಿಂಪಡಿಸುವ ಷರತ್ತು ಅದರಲ್ಲಿದ್ದು ಪಾಲನೆಯಾಗದಿದ್ದಲ್ಲಿ, ಸದರಿ ಷರತ್ತಿನ ಕ್ರಮಸಂಖ್ಯೆಯನ್ನು ಅರ್ಜಿಯಲ್ಲಿ ಕಾಣಿಸುವುದು.