ಅಡಿಗೆಮನೆಯ ಅನಿಲಸೂಚಕವೂ ಅದರ ದೋಷಗಳೂ

ನಮ್ಮ ಅಜ್ಜಿಯರ ಕಾಲದ ಅಡಿಗೆಮನೆಯಲ್ಲಿ ಸೌದೆಯ ಹೊಗೆಯು ಬೆಳಕಿಂಡಿಯಿಂದಲೋ ಹಂಚಿನ ಸಂದಿನಿಂದಲೋ ಹೊರಗೆ ಹೋಗುತ್ತಿತ್ತು; ಹೋಗದೆ ಉಳಿದುದು ಅವರ ಕಣ್ಣುಗಳನ್ನು ಸೇರುತ್ತಿತ್ತು. ಈಗಲಾದರೋ ಪಟ್ಟಣದ ಅನೇಕ ಮನೆಗಳಲ್ಲಿ ಒಲೆಯ ಮೇಲ್ಗಡೆ ಚಿಮಣಿ ಎಂದು ಕರೆಯಲ್ಪಡುವ ವಿದ್ಯುತ್ ಯಂತ್ರವೊಂದು ಇರುವುದು. ಇಂಥ ಕೆಲವು ಚಿಮಣಿಗಳಲ್ಲಿ, ಒಲೆಯ ಅನಿಲವು ಸೋರಿದರೆ ಕೂಗಿ ಎಚ್ಚರಿಸುವ ಒಂದು ಸಣ್ಣ ಸೂಚಕವನ್ನೂ ಅಳವಡಿಸಿರುತ್ತಾರೆ. ಅಂಗಡಿಯವರು ಇದನ್ನು ಗ್ಯಾಸ್ ಸೆನ್ಸರ್ ಎನ್ನುವರು. ಈ ಸೂಚಕವು ಕಾರಣವಿಲ್ಲದೆ ಕೂಗತೊಡಗಿದಾಗ ಗೃಹಿಣಿಯು ಏನು ಮಾಡತಕ್ಕದ್ದು, ಏನು ಮಾಡತಕ್ಕದ್ದಲ್ಲ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುವೆನು. ಈ ವಿಷಯದಲ್ಲಿ ನಮ್ಮ ಮನೆಯಲ್ಲಿಯೇ ಒಂದು ದೊಡ್ಡ ತಪ್ಪು ನಡೆದುದರಿಂದ, ಬರೆಯುವುದಕ್ಕೆ ನನಗೆ ಅಷ್ಟುಮಟ್ಟಿನ ಅಧಿಕಾರ ಉಂಟು.

ಒಂದು ಮಳೆಗಾಲದಲ್ಲಿ ನಮ್ಮ ಚಿಮಣಿಯ ಸೂಚಕವು ಪ್ರತಿ ಸಾಯಂಕಾಲವೂ ಕೂಗಲಾರಂಭಿಸಿತು. ಮೊದಲ ದಿನ ಎಲ್ಲರೂ ಗಾಬರಿಯಿಂದ ಅಂಗಳಕ್ಕೆ ಓಡಿದೆವು. ನಾಲ್ಕನೆಯ ದಿನ ಯಾರೂ ಎದ್ದು ನೋಡಲಿಲ್ಲ. ಎರಡನೆಯ ವಾರದಲ್ಲಿ ನಮ್ಮ ಯಜಮಾನರು ಸ್ಟೂಲಿನ ಮೇಲೆ ಹತ್ತಿ ಸೂಚಕದ ತಂತಿಯನ್ನು ಕಳಚಿ, “ಇನ್ನಾದರೂ ನೆಮ್ಮದಿಯಿಂದ ಊಟ ಮಾಡೋಣ” ಎಂದರು. ನಾನೂ ಸಂತೋಷಪಟ್ಟೆನು. ಅದು ಏಕೆ ಕೂಗುತ್ತಿತ್ತೆಂಬುದನ್ನು ನಮ್ಮಲ್ಲಿ ಒಬ್ಬರೂ ವಿಚಾರಿಸಲಿಲ್ಲ.

ವಿಚಾರಿಸಬೇಕಾದರೆ ಸೂಚಕವು ಕೆಲಸಮಾಡುವ ಬಗೆಯನ್ನು ಸ್ವಲ್ಪ ತಿಳಿದಿರಬೇಕು. ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಜಾತಿಯ ಸೂಚಕವನ್ನು 1962 ರಲ್ಲಿ ಜಪಾನಿನ ನಾವೊಯೋಶಿ ತಗುಚಿ ಎಂಬವರು ಕಂಡುಹಿಡಿದರು. ಇದರೊಳಗೆ ತವರದ ಆಕ್ಸೈಡಿನ ಲೇಪವೂ ಅದನ್ನು ಸದಾ ಬಿಸಿಯಾಗಿರಿಸುವ ಒಂದು ಕೂದಲಿನಂಥ ತಂತಿಯೂ ಇರುವುವು. ಶುದ್ಧವಾದ ಗಾಳಿಯಲ್ಲಿ ಆಮ್ಲಜನಕವು ಈ ಲೇಪಕ್ಕೆ ಅಂಟಿಕೊಂಡು ಅದರ ಇಲೆಕ್ಟ್ರಾನುಗಳನ್ನು ಹಿಡಿದಿಡುವುದರಿಂದ ವಿದ್ಯುತ್ತು ಬಹು ಪ್ರಯಾಸದಿಂದ ಹರಿಯುವುದು. ಉರಿಯುವ ಅನಿಲವು ಬಂದು ತಾಗಿದೊಡನೆ ಆ ಆಮ್ಲಜನಕವು ಅದರೊಡನೆ ಕೂಡಿ ವೆಚ್ಚವಾಗಿ, ಇಲೆಕ್ಟ್ರಾನುಗಳು ಬಿಡುಗಡೆ ಹೊಂದಿ, ವಿದ್ಯುತ್ತು ಸರಾಗವಾಗಿ ಹರಿಯುವುದು. ಈ ವ್ಯತ್ಯಾಸವೇ ಗಂಟೆಯನ್ನು ಬಾರಿಸುವುದು.

ಇಲ್ಲಿ ಗಮನಿಸಬೇಕಾದುದೇನೆಂದರೆ, ಬಂದದ್ದು ಒಲೆಯ ಅನಿಲವೋ ಮತ್ತೊಂದೋ ಎಂಬುದನ್ನು ಈ ಲೇಪವು ಚೆನ್ನಾಗಿ ಗುರುತಿಸಲಾರದು. ಸ್ಪಿರಿಟ್ಟು, ಸೊಳ್ಳೆಗೆ ಸಿಂಪಡಿಸುವ ಔಷಧಿ, ಉಗುರುಬಣ್ಣ ತೆಗೆಯುವ ದ್ರವ, ಹೊಸ ಬಣ್ಣದ ವಾಸನೆ, ಕ್ರಿಸ್ಮಸ್ ಕೇಕಿಗೆ ಹಾಕುವ ಎಸೆನ್ಸಿನಲ್ಲಿರುವ ಮದ್ಯಸಾರ, ಒಮ್ಮೊಮ್ಮೆ ಒಗ್ಗರಣೆಯ ದಟ್ಟವಾದ ಹೊಗೆ, ಇವೆಲ್ಲವೂ ಅದನ್ನು ಕೂಗಿಸಬಲ್ಲವು. ಮಳೆಗಾಲದ ತೇವವು ಅದನ್ನು ಇನ್ನಷ್ಟು ಚಂಚಲವಾಗಿ ಮಾಡುವುದು. ವಿದ್ಯುತ್ತು ಹೋಗಿ ಬಂದಾಗ ಒಳಗಿನ ತಂತಿಯು ಮತ್ತೆ ಕಾಯುವ ತನಕ ಕೆಲವು ನಿಮಿಷ ಸುಳ್ಳು ಕೂಗು ಏಳುವುದುಂಟು. ಬಹುದಿನ ನಿಂತಿದ್ದ ಅಥವಾ ಹೊಸದಾಗಿ ಹಾಕಿದ ಸೂಚಕವು ಸ್ತಿಮಿತಕ್ಕೆ ಬರಲು ಒಂದೆರಡು ದಿನಗಳೇ ಬೇಕಾಗಬಹುದು. ಆದಕಾರಣ ಕೂಗಿದ ವೇಳೆಯನ್ನೂ ಆಗ ಮನೆಯಲ್ಲಿ ನಡೆಯುತ್ತಿದ್ದ ಕೆಲಸವನ್ನೂ ಒಂದು ವಾರ ಚೀಟಿಯಲ್ಲಿ ಬರೆದಿಟ್ಟರೆ ಅರ್ಧ ರೋಗವು ಅಲ್ಲಿಯೇ ತಿಳಿದುಬರುವುದು.

ಆದರೆ ಇದೆಲ್ಲ ಎರಡನೆಯ ಕೆಲಸ. ಸೂಚಕವು ಕೂಗಿದರೆ, ಹಿಂದೆ ಹತ್ತು ಸಾರಿ ಸುಳ್ಳಾಗಿ ಕೂಗಿದ್ದರೂ ಸರಿಯೇ, ಅನಿಲವು ಸೋರಿದೆಯೆಂದೇ ಮೊದಲು ಎಣಿಸತಕ್ಕದ್ದು. ಒಲೆಯ ಗುಂಡಿಗಳನ್ನೂ ಸಿಲಿಂಡರಿನ ರೆಗ್ಯುಲೇಟರನ್ನೂ ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ಮನೆಯವರೆಲ್ಲರೂ ಹೊರಗೆ ಬರಬೇಕು. ಕಡ್ಡಿ ಗೀರಬಾರದು; ಯಾವ ಸ್ವಿಚ್ಚನ್ನೂ ಮುಟ್ಟಬಾರದು. ಹೊಗೆಯನ್ನು ಹೊರಗಟ್ಟುವ ಯಂತ್ರವಲ್ಲವೇ ಎಂದು ಚಿಮಣಿಯನ್ನೇ ಹಾಕಲು ಹೋಗುವವರುಂಟು. ಸ್ವಿಚ್ಚಿನ ಒಂದು ಕಿಡಿಯೇ ಅನರ್ಥಕ್ಕೆ ಸಾಕಾದುದರಿಂದ ಅದನ್ನು ಹಾಕಲೂ ಬಾರದು, ಓಡುತ್ತಿದ್ದರೆ ನಿಲ್ಲಿಸಲೂ ಬಾರದು. ಹೊರಗೆ ಬಂದ ಮೇಲೆ 1906 ಎಂಬ ಸಂಖ್ಯೆಗೆ ಫೋನು ಮಾಡಬೇಕು. ಸಿಲಿಂಡರಿನ ಅನಿಲ ಸೋರಿದರೆ ತಿಳಿಸುವುದಕ್ಕೆ ಭಾರತದಲ್ಲೆಲ್ಲಾ ಇದೇ ಸಂಖ್ಯೆ. ವಾಸನೆಯು ಪೂರ್ತಿಯಾಗಿ ಹೋದ ತರುವಾಯವೇ ಸಾಬೂನಿನ ನೀರನ್ನು ಕೊಳವೆಗೂ ಕೀಲುಗಳಿಗೂ ಸವರಿ, ಗುಳ್ಳೆ ಏಳುವುದೋ ಎಂದು ನೋಡಬೇಕು. ಗುಳ್ಳೆ ಏಳದಿದ್ದರೆ ಆಗ ಸೂಚಕದ ಮೇಲೆ ಸಂಶಯಪಡಬಹುದು.

ವಾಸನೆಯ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳದೆ ಇರಲಾರೆ. ಒಲೆಯ ಅನಿಲಕ್ಕೆ ಸ್ವಭಾವತಃ ಗುರುತಿಸುವಂಥ ವಾಸನೆಯಿಲ್ಲ; ಸೋರಿದರೆ ಮೂಗಿಗೆ ತಿಳಿಯಲೆಂದು ಎಥಿಲ್ ಮರ್ಕ್ಯಾಪ್ಟನ್ ಮೊದಲಾದ ದುರ್ಗಂಧದ ವಸ್ತುವನ್ನು ಬೇಕೆಂದೇ ಬೆರೆಸುವರು. 1937 ನೆಯ ಇಸವಿ ಮಾರ್ಚ್ 18 ರಂದು ಅಮೆರಿಕದ ಟೆಕ್ಸಸ್ ಪ್ರಾಂತದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ, ವಾಸನೆಯಿಲ್ಲದ ಅನಿಲವು ಯಾರಿಗೂ ತಿಳಿಯದಂತೆ ನೆಲದ ಕೆಳಗೆ ತುಂಬಿಕೊಂಡು, ಕೈಕೆಲಸದ ಕೋಣೆಯ ಯಂತ್ರದ ಕಿಡಿಯಿಂದ ಸಿಡಿಯಿತು. ಸುಮಾರು 300 ಮಂದಿ ಮಕ್ಕಳೂ ಉಪಾಧ್ಯಾಯರೂ ಮಡಿದರು. ತರುವಾಯವೇ ಆ ಪ್ರಾಂತದಲ್ಲಿ ಅನಿಲಕ್ಕೆ ದುರ್ಗಂಧವನ್ನು ಬೆರೆಸಬೇಕೆಂಬ ಕಾನೂನು ಆಯಿತು. ನಮ್ಮ ಮೂಗಿಗೆ ಬರುವ ಆ ಕೆಟ್ಟ ವಾಸನೆಗೆ ಇಷ್ಟು ಬೆಲೆ ತೆರಲಾಗಿದೆ.

ಸುಳ್ಳು ಕೂಗಿಗಿಂತ ಮೌನವು ಹೆಚ್ಚು ಅಪಾಯಕರವಾದ ದೋಷ. ಎಣ್ಣೆಯ ಜಿಡ್ಡು ಸೂಚಕದ ಜಾಲರಿಯನ್ನು ಮುಚ್ಚಿದರೆ ಅನಿಲವು ಒಳಗೆ ಹೋಗಲಾರದು. ಸಿಲಿಕೋನ್ ಇರುವ ಹೊಳಪಿನ ದ್ರವಗಳ ಆವಿಯು ಲೇಪವನ್ನು ಶಾಶ್ವತವಾಗಿ ಮಂದಗೊಳಿಸುವುದು. ಆದುದರಿಂದ ವಿದ್ಯುತ್ತನ್ನು ನಿಲ್ಲಿಸಿ, ಒಣಗಿದ ಮೆದು ಕುಂಚದಿಂದ ಜಾಲರಿಯನ್ನು ಶುಚಿಮಾಡಬೇಕೇ ಹೊರತು ಏನನ್ನೂ ಸಿಂಪಡಿಸಬಾರದು. ದೋಷದ ದೀಪವು ಆರದೆ ಉರಿಯುತ್ತಿದ್ದರೆ ಒಳಗಿನ ಕಾಯಿಸುವ ತಂತಿಯು ಕಡಿದಿರಬಹುದು, ಇಲ್ಲವೆ ಆವಿಯಿಂದ ಕೀಲು ಕಿಲುಬು ಹಿಡಿದಿರಬಹುದು. ಕೀಲನ್ನು ಶುಚಿಮಾಡಿಸಿದರೆ ಸರಿಹೋಗುವುದು. ತಂತಿ ಕಡಿದಿದ್ದರೆ ಸೂಚಕವನ್ನೇ ಬದಲಾಯಿಸಬೇಕು. ಇದು ಬಲ್ಲವರ ಕೆಲಸ. ಪರೀಕ್ಷೆಗೆಂದು ಇಟ್ಟಿರುವ ಗುಂಡಿಯನ್ನು ಒತ್ತಿ, ಗಂಟೆ ಬಾರಿಸಿತೆಂದು ಸಮಾಧಾನಪಡುವವರು ಬಹಳ. ಅನೇಕ ಯಂತ್ರಗಳಲ್ಲಿ ಆ ಗುಂಡಿಯು ಗಂಟೆಯನ್ನೂ ದೀಪವನ್ನೂ ಮಾತ್ರ ಪರೀಕ್ಷಿಸುವುದು, ಅನಿಲವನ್ನು ಅರಿಯುವ ಲೇಪವನ್ನಲ್ಲ.

ಇನ್ನು ನಮ್ಮ ಮನೆಯ ಸಂಗತಿ. ತಂತಿಯನ್ನು ಕಳಚಿ ಮೂರು ತಿಂಗಳಾಗಿದ್ದಿರಬೇಕು. ಒಂದು ದಿನ ನಸುಕಿನಲ್ಲಿ ಪ್ರಾರ್ಥನೆಗೆಂದು ಎದ್ದ ನಮ್ಮ ಅತ್ತೆಯವರು ಕಾಫಿಗೆ ನೀರಿಡಲು ಹೋದರು. ಹೊಸ್ತಿಲಲ್ಲಿಯೇ ಅವರಿಗೆ ವಾಸನೆ ಬಡಿಯಿತು. ಅವರು ದೀಪವನ್ನು ಹಾಕಲಿಲ್ಲ; ಕತ್ತಲಲ್ಲಿಯೇ ತಡವುತ್ತಾ ಹೋಗಿ ರೆಗ್ಯುಲೇಟರನ್ನು ತಿರುಗಿಸಿ, ಹಿತ್ತಲ ಬಾಗಿಲನ್ನು ತೆರೆದು, ನಮ್ಮೆಲ್ಲರನ್ನೂ ಕೂಗಿ ಎಬ್ಬಿಸಿದರು. ಸಿಲಿಂಡರಿನ ಹಿಂದೆ ಬಾಗಿದ್ದ ರಬ್ಬರು ಕೊಳವೆಯು ಬಿರಿದಿತ್ತು. ಐದು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಬೇಕು. ನಮ್ಮದಕ್ಕೆ ಎಂಟು ವರ್ಷ ತುಂಬಿತ್ತು.

ತಂತಿಯನ್ನು ಕಳಚಿದ ಅಪರಾಧವನ್ನು ನಾವು ಒಪ್ಪಿಕೊಂಡಾಗ, ಪರೀಕ್ಷಿಸಲು ಬಂದ ಕೆಲಸಗಾರನು ಹೇಳಿದ ಮಾತು ನಮ್ಮನ್ನು ಇನ್ನೂ ಬೆಚ್ಚಿಸಿತು. “ಅಮ್ಮಾ, ತಂತಿ ಇದ್ದಿದ್ದರೂ ಅದು ಹೊತ್ತಿಗೆ ಸರಿಯಾಗಿ ಕೂಗುತ್ತಿರಲಿಲ್ಲ” ಎಂದನು. ಯಾಕಂದರೆ ಸಿಲಿಂಡರಿನ ಅನಿಲವು ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ; ಗಾಳಿಗಿಂತ ಒಂದೂವರೆಯಿಂದ ಎರಡು ಪಾಲು ಭಾರವಾದುದರಿಂದ ನೀರಿನಂತೆ ನೆಲದ ಮೇಲೆ ಹರಡುವುದು. ಗಾಳಿಯ 100 ಪಾಲಿನಲ್ಲಿ ಅದು ಸುಮಾರು 2 ಪಾಲು ಸೇರಿದರೆ ಸಿಡಿಯುವುದಕ್ಕೆ ಸಾಕು. ಅಷ್ಟು ಅನಿಲ ನೆಲದಲ್ಲಿ ತುಂಬಿದ್ದರೂ ತಲೆಗಿಂತ ಎತ್ತರದಲ್ಲಿರುವ ಸೂಚಕಕ್ಕೆ ತಿಳಿಯದೆ ಹೋಗಬಹುದು. ಬೆಂಗಳೂರಿನ ಕೆಲವು ಬಡಾವಣೆಗಳಂತೆ ಕೊಳವೆಯ ಮೂಲಕ ಮನೆಗೆ ಬರುವ ಅನಿಲವು ಬೇರೆ. ಅದು ಬಹುಮಟ್ಟಿಗೆ ಮಿಥೇನ್, ಗಾಳಿಗಿಂತ ಹಗುರವಾದುದು, ಮೇಲಕ್ಕೆ ಏರುವುದು. ಅಂಥ ಮನೆಗಳಲ್ಲಿ ಮೇಲ್ಗಡೆಯ ಸೂಚಕವು ತಕ್ಕ ಸ್ಥಳದಲ್ಲಿರುವುದು. ಸಿಲಿಂಡರಿನ ಮನೆಗಳಲ್ಲಿ ನೆಲದಿಂದ ಒಂದು ಅಡಿಯೊಳಗೆ, ಗೋಡೆಗೆ, ಬೇರೊಂದು ಸೂಚಕವನ್ನು ಹಾಕಿಸಬೇಕು. ಚಿಮಣಿಯನ್ನು ಮಾರಿದವರು ಈ ಭೇದವನ್ನು ನಮಗೆ ತಿಳಿಸಿರಲಿಲ್ಲ, ನಾವೂ ಕೇಳಿರಲಿಲ್ಲ.

ಸಾಯಂಕಾಲದ ಕೂಗಿಗೆ ಕಾರಣವೂ ಆ ದಿನವೇ ಸಿಕ್ಕಿತು. ಅಡಿಗೆಗೆ ಮುಂಚೆ ಗಾಜಿನ ಒಲೆಯನ್ನು ನಾನು ಒರೆಸುತ್ತಿದ್ದ ದ್ರವದಲ್ಲಿ ಸ್ಪಿರಿಟ್ಟು ಇತ್ತು. ಅದರ ಶೀಶೆಯು ಈಗ ಬಚ್ಚಲುಮನೆಯಲ್ಲಿದೆ. ಚಿಮಣಿಯ ತಂತಿಯನ್ನು ಮತ್ತೆ ಜೋಡಿಸಿದ್ದಾಯಿತು. ಸಿಲಿಂಡರಿನ ಪಕ್ಕದ ಗೋಡೆಯಲ್ಲಿ, ನೆಲಕ್ಕೆ ಸಮೀಪವಾಗಿ, ಹೊಸ ಸೂಚಕವೊಂದು ಕುಳಿತಿದೆ. ಅದನ್ನು ಹಾಕಿಸಿದ ದಿನವನ್ನೂ ಕೊಳವೆಯನ್ನು ಬದಲಾಯಿಸಿದ ದಿನವನ್ನೂ ಅತ್ತೆಯವರು ಪೆನ್ಸಿಲಿನಿಂದ ಗೋಡೆಯ ಮೇಲೆಯೇ ಬರೆದಿದ್ದಾರೆ.